ಕಮಟು

ಮಾಸ್ಟ್ರಿಕ್ಟ್‌ನ ಆ ಹಳೆಯ ಬಿಯರ್ ಕಾರ್ಖಾನೆ ಈಗ ಮ್ಯೂಸಿಯಂ ಆಗಿದೆ. ಅದನ್ನು ನೋಡಲೇಬೇಕೆಂದು ಹಟ ಹಿಡಿದವನು ನಿತೀಶ್. ಅವನೂ ಹೆಂಡತಿ ಹಿತಾಳೂ ಲೈಡನ್‌ನಿಂದ ಬಂದಿದ್ದರು. ಅವರ ಗೆಳತಿ ಸಂಪ್ರೀತಾ ವಾಗೆನಿಂಗನ್‌ನಿಂದ. ವಾರಾಂತ್ಯದ ಪುಟ್ಟ ಪ್ರವಾಸ. ಆದರೂ ಒಳಗೆ ಕಾಲಿಡಲು ಸಂಪ್ರೀತಾ ಹಿಂದೆಮುಂದೆ ನೋಡಿದಳು.

ಉಡುಪಿಯ ಈ ಹುಡುಗಿಯ ಮೂಗು ಗೆಳೆಯರ ನಡುವೆ ಹೆಸರುವಾಸಿ. ಸಾರಿಗೆ ಇಂಗು ಒಂದು ಚಿಟಿಕೆ ಹೆಚ್ಚಾದರೂ ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು. ಆ ಮೂಗನ್ನು ನಂಬಿಯೇ ಒಂದು ಬಿಸ್ಕತ್ತು ಕಂಪನಿ ಅವಳನ್ನು ರುಚಿ ನೋಡುವ ತಂಡದ ಮುಖ್ಯಸ್ಥೆಯನ್ನಾಗಿ ಮಾಡಿತ್ತು. ಅವಳು ಈ ಪರದೇಶದಲ್ಲಿ ಇದ್ದದ್ದೂ ಆ ಕೆಲಸದ ಪರ್ಮಿಟ್ ಮೇಲೆಯೇ. ಹದಿನಾಲ್ಕು ತಿಂಗಳ ಹಿಂದೆ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ವಾಸನೆ ಮರಳಲಿಲ್ಲ. ಡಾಕ್ಟರನ್ನು ಬಿಟ್ಟರೆ ಇನ್ನಾರಿಗೂ ಅವಳು ಇದನ್ನು ಹೇಳಿರಲಿಲ್ಲ.

ತಾಮ್ರದ ದೊಡ್ಡ ಹಂಡೆಗಳನ್ನು ನೋಡಿಕೊಂಡು ಕೊನೆಯ ಕೋಣೆಗೆ ಬಂದರು. ಮೇಜಿನ ಮೇಲೆ ಮೂರು ಮಣ್ಣಿನ ಭರಣಿಗಳು, ಮುಚ್ಚಳದಲ್ಲಿ ಸಣ್ಣ ತೂತುಗಳು. ಒಳಗೇನಿದೆ ಎಂದು ಮೂಸಿ ಹೇಳಬೇಕು. ಮೇಜಿನ ಹಿಂದೆ, ಒಂದು ಕಾಲಕ್ಕೆ ಇಲ್ಲಿಯೇ ಬಿಯರ್ ಕಾಯಿಸುತ್ತಿದ್ದ ಮುದುಕನೊಬ್ಬ ನಿಂತಿದ್ದ.

“ಇದು ನಮ್ ಸಂಪ್ರೀತಾ ಡಿಪಾರ್ಟ್‌ಮೆಂಟು. ಒಂದೂ ಮಿಸ್ ಮಾಡಲ್ಲ ನೋಡ್ತಿರು,” ಎಂದ ನಿತೀಶ್.

ಮುಂದಿದ್ದವರ ಪಿಸುಮಾತು ಕೇಳಿಸಿಕೊಂಡಿದ್ದರಿಂದ ಮೊದಲನೆಯದು ಹುರಿದ ಬಾರ್ಲಿ, ಎರಡನೆಯದು ಯೀಸ್ಟ್ ಎಂದು ಹೇಳಿ ಪಾರಾದಳು. ಮೂರನೆಯ ಭರಣಿಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅವಳು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡು, “ಬಿಯರಿಗೆ ಹಾಕೋ ಹಾಪ್ಸ್ ಹೂವು. ಸ್ವಲ್ಪ ಕಿತ್ತಳೆ ಸಿಪ್ಪೆಯ ಘಮ,” ಎಂದಳು.

ಮುದುಕ ನಗುತ್ತ ಮುಚ್ಚಳ ತೆಗೆದ. ಒಳಗಿದ್ದದ್ದು ಬರಿಯ ನೀರು. ಊಹೆಯ ಮೇಲೆ ಹೇಳುವವರನ್ನು ಹಿಡಿಯಲು ಇಟ್ಟದ್ದಂತೆ. ಆಮೇಲೆ ಅವಳ ಮುಖ ನೋಡಿ ಅವನ ನಗು ಇಂಗಿತು. ತಗ್ಗಿದ ದನಿಯಲ್ಲಿ, “ವಾಸನೆ ಹೋಗಿ ಎಷ್ಟು ದಿನವಾಯಿತು?” ಎಂದು ಕೇಳಿದ.

ಅವಳು ಸರಸರನೆ ಹೊರಗೆ ನಡೆದಳು.

ಅಂಗಳದ ಬೆಂಚಿನ ಮೇಲೆ ಕೂತು ಗೆಳೆಯರಿಗೆ ತನ್ನ ಮೂಗಿನ ವಿಷಯ ಹೇಳಿದಳು. ನಿತೀಶ್ ಅವಳ ಪಕ್ಕಕ್ಕೆ ಸರಿದು ಕೂತ. “ಆಫೀಸಲ್ಲಿ ಹೇಳ್ಬೇಡ. ಪಿಆರ್ ಸಿಕ್ಕಿ ಇಲ್ಲೇ ಖಾಯಂ ಆಗೋಕೆ ಇನ್ನು ಐದೇ ತಿಂಗ್ಳು. ಅಲ್ಲೀವರ್ಗೂ ಹೇಗೋ ಮ್ಯಾನೇಜ್ ಮಾಡು.”

“ಮ್ಯಾನೇಜ್ ಮಾಡಿ ಮಾಡೇ ಹೀಗಾಗಿರೋದು,” ಎಂದಳು ಸಂಪ್ರೀತಾ. “ಮಾನಸ ನೆನಪಿದ್ದಾಳಾ, ಮೈಸೂರಿನವಳು?”

ಹಿತಾ ತಲೆಯಾಡಿಸಿದಳು. ಸಂಪ್ರೀತಾಳ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ. ದೀಪಾವಳಿಗೆ ಇವರ ಮನೆಗೂ ಬಂದಿದ್ದಳು.

“ಬಾದಾಮಿ ಬಿಸ್ಕತ್ತಿನ ಒಂದು ಇಡೀ ಬ್ಯಾಚ್ ಕೆಟ್ಟು, ಅಂಗಡಿಗಳಿಂದ ವಾಪಸ್ ಬಂತು. ಸರಿಯಾಗಿದೆ ಅಂದವಳು ನಾನು. ಮೀಟಿಂಗಲ್ಲಿ ತಪ್ಪನ್ನ ಅವಳ ಮೇಲೆ ಹಾಕಿದೆ. ಅವಳ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಸುಮ್ಮನೆ ಊರಿಗೆ ಹೋದಳು.”

ಹಿತಾ ಬೆಂಚಿನಿಂದ ಎದ್ದು ನಿಂತಳು. “ಅವಳಿಗೆ ಫೋನ್ ಮಾಡು,” ಎಂದಳು. “ಈಗ್ಲೇ.”

ಎರಡೇ ರಿಂಗಿಗೆ ಮಾನಸ ಎತ್ತಿಕೊಂಡಳು. “ಅಕ್ಕಾ, ಹೇಗಿದೀರಾ? ನಾನೇ ಮಾಡ್ಬೇಕು ಅಂತಿದ್ದೆ, ಮುಖ ಇರ್ಲಿಲ್ಲ. ನನ್ನಿಂದ ನಿಮ್ಗೂ ಕೆಟ್ಟ ಹೆಸ್ರು ಬಂತು.”

ಸಂಪ್ರೀತಾ ಹೇಳಿದಳು. ತಡವರಿಸುತ್ತ, ಯಾವುದನ್ನೂ ಬಿಡದೆ ಹೇಳಿದಳು. ಆ ಕಡೆಯಿಂದ ಕುಕ್ಕರಿನ ಸೀಟಿಯೊಂದು ಕೇಳಿಸಿತು.

“ಅವತ್ತು ಕಮಟು ವಾಸ್ನೆ ಬರ್ತಿದೆ ಅಂತ ನಾನು ಹೇಳಿದ್ದೆ, ಅಲ್ವಾ ಅಕ್ಕಾ?”

“ಹೌದು, ನೀನು ಹೇಳಿದ್ದೆ.”

“ನೀವು ಇಲ್ಲ ಅಂದ್ರಿ. ನೀವ್ ಅಂದ್ಮೇಲೆ ಅಂತ ನಾನೂ ಸೈನ್ ಮಾಡ್ದೆ.” ಮಾನಸಳ ದನಿ ಏರಲಿಲ್ಲ. “ಇಲ್ಲಿ ಬಂದ್ಮೇಲೆ ಅಮ್ಮ ಮಾಡಿದ್ ಹುಳೀನೂ ಎರಡೆರಡು ಸಲ ಮೂಸ್ತೀನಿ. ಎರಡು ಇಂಟರ್‌ವ್ಯೂ ಬಂತು, ಹೋಗ್ಲಿಲ್ಲ. ನನ್ ಮೂಗೇ ಸರಿ ಇಲ್ಲ ಅನ್ಕೊಂಡಿದ್ದೆ.”

“ಮಾನಸ...”

ಫೋನ್ ಇಟ್ಟಾಗಿತ್ತು. ಮತ್ತೆ ಮಾಡಿದಳು, ಎತ್ತಲಿಲ್ಲ. ಮೂರನೆಯ ಸಲ ಸ್ವಿಚ್ ಆಫ್.

ಅಲ್ಲಿಯೇ ಕೂತು ಸಂಪ್ರೀತಾ ಮ್ಯಾನೇಜರಿಗೆ ಮೇಲ್ ಬರೆದಳು. ತನ್ನ ಮೂಗಿನ ವಿಷಯ, ಆ ಬ್ಯಾಚಿನ ವಿಷಯ, ಮಾನಸ ಎಚ್ಚರಿಸಿದ್ದ ವಿಷಯ. “ಇನ್ನೊಂದ್ಸಲ ಯೋಚ್ನೆ ಮಾಡು. ಇಲ್ಲಿ ಇರೋಕಾಗಲ್ಲ ನೀನು,” ಎಂದ ನಿತೀಶ್. ಅವಳು ಕಳಿಸಿಬಿಟ್ಟಳು. ಕಳಿಸಿದ ಮೇಲೆ ಮನಸ್ಸು ಹಗುರಾದೀತು ಎಂದುಕೊಂಡಿದ್ದಳು. ಆಗಲಿಲ್ಲ. ಕೆಲಸ ಹೋಗುತ್ತದೆ, ಅದರ ಹಿಂದೆಯೇ ಪರ್ಮಿಟ್ಟೂ. ಅಷ್ಟೆಲ್ಲ ಹೋದರೂ ಮೈಸೂರಿನ ಆ ಹುಡುಗಿ ಕಳೆದುಕೊಂಡದ್ದು ಮರಳುವುದಿಲ್ಲ.

ರೈಲಿನಲ್ಲಿ ಹಿತಾ ಎದುರಿನ ಸೀಟಿನಲ್ಲಿ ಕೂತಳು. ಪ್ರತಿ ಸಲ ಪಕ್ಕದಲ್ಲೇ ಕೂರುತ್ತಿದ್ದವಳು. ನೀರು ಬೇಕಾ ಎಂದು ಒಮ್ಮೆ ಕೇಳಿದಳು. ಬೇಡವೆಂದಾಗ ಕಿಟಕಿಯ ಕಡೆ ತಿರುಗಿ, ಸಂಪ್ರೀತಾ ಇಳಿಯುವವರೆಗೂ ಹಾಗೆಯೇ ಕೂತಿದ್ದಳು.