ಅವ್ವ ಕಳಿಸಿದ ಮಧುನಾಶಿನಿ

ಧಾರವಾಡದ ಒಂದು ಕಾಲೇಜಿನ ಪ್ರಯೋಗಶಾಲ್ಯಾಗ ಕರುಣಾ ಬೆಳ್ಳಿ ಕಣ ಮಾಡತಿದ್ಲು. ಬೆಳ್ಳಿ ಅಂದ ಕೂಡಲೆ ಕಾಲುಂಗರ, ಗೆಜ್ಜಿ ನೆನಸಬ್ಯಾಡ್ರಿ. ಸಿಲ್ವರ್ ನೈಟ್ರೇಟ್ ಕರಗಿಸಿದ ನೀರಿಗೆ ಎಲಿ ಕಷಾಯ ಬಿಡೂದು. ಅರ್ಧ ತಾಸಿನ್ಯಾಗ ನೀರು ಕಂದು ಬಣ್ಣ ಆತಂದ್ರ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣ ಹುಟ್ಟಿದ್ವು ಅಂತ ತಿಳಕೋಬೇಕು. ಇಷ್ಟಕ್ಕ ಡಾಕ್ಟರೇಟ್ ಕೊಡ್ತಾರೇನು ಅಂತ ನಗಬ್ಯಾಡ್ರಿ, ಐದು ವರ್ಷ ಜೀವಾ ತೇದಿದ್ಲು ಆಕಿ. ಇದು ಎರಡು ಸಾವಿರದ ಎಂಟರ ಮಾತು.

ಎಲಿ ಮಧುನಾಶಿನಿದು. ಅವ್ವ ಯಂಕವ್ವ ಊರ ಗುಡ್ಡ ಹತ್ತಿ ಹರಕೊಂಡು ಬಂದು, ನೆರಳಾಗ ಒಣಗಿಸಿ, ಕುಟ್ಟಿ ಪುಡಿ ಮಾಡಿ ಬಸ್ ಕಂಡಕ್ಟರ್ ಕೈಲೆ ಕಳಸತಿದ್ಲು. ಹಡೆದಾಕಿ ಕಳಿಸಿದ್ದನ್ನ ಯಾರು ಪರೀಕ್ಷಾ ಮಾಡ್ತಾರ್ರೀ? ಮೊದಮೊದಲು ಬಣ್ಣ ಅಷ್ಟಕ್ಕಷ್ಟ ಇತ್ತು. ದೀಪಾವಳಿ ಮುಂದ ಬಂದ ಪುಡಿಯಿಂದ ಎದ್ದು ಬಂತು. ಋತುಮಾನದ ಗುಣ ಅಂತ ಕರುಣಾ ಒಂದು ಅಧ್ಯಾಯನ ಬರದ್ಲು.

ಹೋಳಿ ಹುಣ್ಣಿವಿ ಹತ್ತರ ಯಂಕವ್ವ ಎದಿ ನೋವು ಅಂತ ಮಲಗಿದಾಕಿ ಏಳಲಿಲ್ಲ. ಅದಾದ ಮ್ಯಾಲೆ ಧಾರವಾಡದ ಲಕಮನಹಳ್ಳಿ ಬಾಡಿಗಿ ಖೋಲ್ಯಾಗ ಕರುಣಾ ಒಮ್ಮೆ ಅಡಗಿ ಮಾಡಿ ಎರಡು ಹೊತ್ತು ಉಣ್ಣತಿದ್ಲು. ಮಾತಾಡಾಕ ಇದ್ದದ್ದು ಗ್ವಾಡಿ ಒಂದ.

ಋತುಮಾನದ ಅಧ್ಯಾಯ ಓದಿ ಗೈಡ್ ಶಾಂತಯ್ಯ ಸರ್ ಅಂದ್ರು: "ಸೋಮವಾರ ನನ್ನ ಕಣ್ಣೆದುರು ಇನ್ನೊಮ್ಮೆ ಮಾಡಿ ತೋರಸವಾ. ಬಣ್ಣ ಬರಲಿಲ್ಲಂದ್ರ ಆ ಅಧ್ಯಾಯ ಕೈಬಿಡೂಣು."

ಆ ಅಧ್ಯಾಯ ಬಿಟ್ರ ಪ್ರಬಂಧದಾಗ ಉಳಿಯೂದೇನು, ಮಣ್ಣು. ಕರುಣಾ ತಾನ ಗುಡ್ಡ ಹತ್ತಿ ಎಲಿ ತಂದ್ಲು. ನಾಕು ಸಲ ಮಾಡಿದ್ಲು, ನಾಕೂ ಸಲ ನೀರು ಪೇಲವ ಹಳದಿನ ಉಳೀತು. ಅವ್ವ ಕಡೀಕ ಕಳಿಸಿದ ಪುಡಿ ಡಬ್ಬಿ ತಳದಾಗ ಒಂದು ಚಿಟಿಕಿ ಇತ್ತು. ಎರಡರಾಗೂ ಏನು ಫರಕು ಅಂತ ಖೋಲ್ಯಾಗ ಕುಂತು ಮೊದಲು ತನ್ನ ಪುಡಿ ನೆಕ್ಕಿ ಸಕ್ರಿ ಬಾಯಿಗೆ ಹಾಕೊಂಡ್ಲು. ಸಕ್ರಿ ಉಸುಕಿನಂಗಾತು. ಮಧುನಾಶಿನಿ ನಾಲಗಿಗೆ ಹತ್ತಿದ್ರ ಸಿಹಿ ಸತ್ತಹೋಗತೈತಿ, ಹೆಸರ ಹೇಳತೈತಲ್ಲ. ಎರಡು ತಾಸು ಬಿಟ್ಟು ಅವ್ವನ ಪುಡಿ ನೆಕ್ಕಿ ಸಕ್ರಿ ತಿಂದ್ಲು. ಸಕ್ರಿ ಸಿಹಿ ಇತ್ತು.

ಮರುದಿನ ಮುಂಜಾನಿ ಬಸ್ ಹಿಡಿದು ಊರಿಗೆ ಹೋಗಿ, ಅವ್ವ ಕಳಸತಿದ್ದದ್ದು ಯಾವ ಎಲಿ ಅಂತ ಬಾಜೂ ಮನಿ ಶಿವಬಸವ್ವನ್ನ ನೆಟ್ಟಗ ಕೇಳಿದ್ಲು.

"ನಿಮ್ಮವ್ವಗ ದಸರಾದಿಂದ ನಾಕು ಹೆಜ್ಜಿ ಇಟ್ರ ದಮ್ಮು ಹತ್ತತಿತ್ತವಾ," ಅಂದ್ಲು ಶಿವಬಸವ್ವ. "ಗುಡ್ಡ ಎಲ್ಲಿಂದ ಹತ್ತತಾಳ? ನಮ್ಮ ಹಿತ್ತಲದ ನುಗ್ಗಿ ತಪ್ಪಲಾ ಹರದು ಒಣಗಿಸಿದ್ಲು. ಎಲ್ಲಾ ಎಲಿನೂ ಹಸರ ಅಲ್ಲೇನು, ಅಂದ್ಲು. ಮಗಳಿಗೆ ಗೊತ್ತಾದ್ರ ಓದೂದು ಬಿಟ್ಟು ಓಡಿ ಬರತಾಳ ಅಂತ ನನ್ನ ಕಡೆ ಆಣಿ ಮಾಡಿಸಿಕೊಂಡಿದ್ಲು."

ಬೈಬೇಕಂದ್ರ ಯಾರನ್ನ ಬೈಬೇಕು? ಕರುಣಾ ಅದ ಹಿತ್ತಲದಾಗಿಂದ ಒಂದು ಚೀಲ ನುಗ್ಗಿ ತಪ್ಪಲಾ ಹರಕೊಂಡು ಬಂದ್ಲು.

ಸೋಮವಾರ ಶಾಂತಯ್ಯ ಸರ್ ಮುಂದ ನಡೆದದ್ದೆಲ್ಲಾ ಹೇಳಿ, ನುಗ್ಗಿ ಕಷಾಯ ಬಿಟ್ಟು ಗಡಿಯಾರ ನೋಡಕೋತ ನಿಂತ್ಲು. ಬಣ್ಣ ಬರಬಾರದು ಅಂತ ಆಕಿ ಮನಸ್ಸು ಬೇಡಾಕತ್ತಿತ್ತು. ಬರಲಿಲ್ಲಂದ್ರ ಶಿವಬಸವ್ವನ ಮಾತು ಸುಳ್ಳು, ಅವ್ವ ದೀಪಾವಳಿಗೆ ಗಟ್ಟಿಮುಟ್ಟಾಗಿದ್ದದ್ದು ಖರೇ. ಹತ್ತು ನಿಮಿಷಕ್ಕ ನೀರು ಹಳದಿ ಆತು. ಅರ್ಧ ತಾಸಿಗೆ ಕಂದಾತು.

"ಗಿಡದ ಹೆಸರು ತಿದ್ದು, ಹೊಸದಾಗಿ ಬರಿ. ಅಧ್ಯಾಯ ಉಳೀತು," ಅಂದ್ರು ಸರ್.

"ಹೂಂ ಸರ್," ಅಂದ್ಲು ಕರುಣಾ. ದೀಪಾವಳಿ ಮುಂದ ಮೊದಲ ಸಲ ಹಿಂಗ ಬಣ್ಣ ಬಂದ ದಿನ ಆಕಿ ಓಡಿಹೋಗಿ ಊರಿಗೆ ಫೋನ್ ಹಚ್ಚಿದ್ಲು. ಅವ್ವಾ, ಈ ಸಲದ ಎಲಿ ಭಾಳ ಛಲೋ ಅದಾವ, ಅದ ಗುಡ್ಡದಿಂದನ ಇನ್ನೊಂದಿಷ್ಟು ತಂದು ಕಳಸು ಅಂದಿದ್ಲು. ಆ ಕಡೆ ಯಂಕವ್ವ ಒಂದೆರಡು ಸಲ ಉಸಿರು ಎಳಕೊಂಡು, "ಹೂಂನವಾ, ನಾಳೆನ ಹತ್ತತೇನಿ," ಅಂದಿದ್ಲು.