ಉಸಿರಿನ ಸದ್ದು

"ನಿನ್ನ ಮೂಗಿಗೊಂದು ಬಿರಡೆ ಹಾಕ್ತೀನಿ ನೋಡು," ಎಂದ ಮೈಕಣ್ಣ, ತಂಗಿಯ ಮುಂದೆ ಮೈಕಿನ ಕಂಬವನ್ನು ಬಗ್ಗಿಸುತ್ತಾ. "ಕಮ್ಮಾರನ ತಿದಿ ಹಾಗೆ ಬುಸ್ ಬುಸ್ ಅಂತೀಯ. ಚೆಲ್ಲೊ ಕೇಳೋಕೆ ಕೂತೋರಿಗೆ ನಿನ್ನ ಉಸಿರೇ ಕಛೇರಿ."

"ಉಸಿರಾಡದೆ ನುಡಿಸೋಕೆ ನಾನೇನು ಹೆಣಾನಾ? ಮೈಕ್ ಇಡೋ ಕೆಲಸ ನಿಂದು, ಇಟ್ಟು ಆ ಕಡೆ ಹೋಗು."

ದೊಡ್ಡ ಪಿಟೀಲಿನಂಥ ಆ ಚೆಲ್ಲೊವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಅವಳು ಕಮಾನಿಗೆ ರಾಳ ಉಜ್ಜುತ್ತಿದ್ದಳು. ಮದುವೆ, ಭಾಷಣ, ಸಂತಾಪ ಸಭೆ ಎಲ್ಲಕ್ಕೂ ಧ್ವನಿವರ್ಧಕ ಕಟ್ಟಿ ಕಟ್ಟಿ ಊರಿಗೆಲ್ಲ ಮೈಕಣ್ಣನಾಗಿದ್ದವನಿಗೆ ಇಂಥ ಕಛೇರಿ ವಿಚಿತ್ರವೇ. ಸಂಗೀತ ಶಾಲೆಯ ಮಹಡಿ ಕೋಣೆ, ಗೋಡೆಗೆ ಒತ್ತರಿಸಿಟ್ಟ ಕುರ್ಚಿಗಳು, ಕೇಳುವವರು ಎದುರಿಗೆ ಒಬ್ಬರೂ ಇಲ್ಲ. ಎಲ್ಲರೂ ಎಲ್ಲೆಲ್ಲೋ ಕೂತು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಕೇಳುವವರು. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದರು. ಮಧ್ಯಾಹ್ನದ ಸೆಕೆಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಬಿರಡೆಯ ಮಾತು ತಮಾಷೆಯಾದರೂ ಅದರ ಹಿಂದೆ ಸಿಟ್ಟಿತ್ತು. ಹೋದ ಸಲ ಅವಳು ಹೀಗೇ ಆನ್‌ಲೈನಿನಲ್ಲಿ ನುಡಿಸುವಾಗ ಯಾವನೋ, "ಪಕ್ಕದಲ್ಲಿ ಯಾರೋ ಗೊರಕೆ ಹೊಡೀತಿದ್ದಾರೆ, ಎಬ್ಬಿಸ್ರಪ್ಪಾ" ಎಂದು ಬರೆದಿದ್ದ. ಅದರ ಕೆಳಗೆ ಇನ್ನಷ್ಟು ಜನ ಹಲ್ಲು ಕಿರಿದಿದ್ದರು. ಮೈಕಣ್ಣ ಅವರಿಗೆ ಬರೆದ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ತಂಗಿ ಅವರ ನಗುವಿಗೂ ಅಣ್ಣನ ಬೈಗುಳಕ್ಕೂ ಸೇರಿಸಿ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು.

ಆದ್ದರಿಂದ ಈ ಸಲ ಅವನು ಅವಳಿಗೆ ಹೇಳದೆಯೇ ಒಂದು ಏರ್ಪಾಟು ಮಾಡಿದ್ದ. ಅವನ ಕಸುಬಿನವರು ಅದನ್ನು ಗೇಟು ಅನ್ನುತ್ತಾರೆ. ಇಷ್ಟಕ್ಕಿಂತ ಸಣ್ಣ ಸದ್ದು ಬಂದರೆ ಒಳಗೆ ಬಿಡಬೇಡ ಎಂದು ಸೌಂಡಿನ ಪೆಟ್ಟಿಗೆಯಲ್ಲಿ ಒಂದು ಗುಂಡಿ ತಿರುಗಿಸಿಟ್ಟರೆ ಮುಗಿಯಿತು, ಭಾಷಣಕಾರರ ಕೆಮ್ಮು, ಕಾಗದದ ಪರಪರ, ಅಧ್ಯಕ್ಷರ ತೇಗು ಎಲ್ಲ ಮಂಗಮಾಯ. ಗುಂಡಿಯನ್ನು ಧಾರಾಳವಾಗಿಯೇ ತಿರುಗಿಸಿದ. ತಂಗಿಯ ಕೈಲಿ ಮೊದಲ ರಚನೆಯನ್ನು ಒಂದಿಷ್ಟು ನುಡಿಸಿ ನೋಡಿದ. ತೊಳೆದ ಗಾಜಿನ ಹಾಗೆ ಬಂತು. ಉಸಿರಿನ ಸುಳಿವೇ ಇಲ್ಲ. ಇನ್ನು ನಗಲಿ ಬಡ್ಡೀಮಕ್ಕಳು, ಅಂದುಕೊಂಡ.

ಅವಳಿಗೆ ಆ ನಗುವವರ ಚಿಂತೆ ಇರಲಿಲ್ಲ. ಕೇಳಬೇಕಾದವರು ಒಬ್ಬರೇ ಇದ್ದರು. ಅವಳ ಮೇಷ್ಟ್ರು.

ಇವತ್ತಿನ ರಚನೆಗಳೆಲ್ಲ ಕಳೆದ ಶತಮಾನದ ಮೊದಲ ದಶಕಗಳವು. ಕೊನೆಯದು ಮೊದಲ ಮಹಾಯುದ್ಧದ ಕಾಲದಲ್ಲಿ ಬರೆದದ್ದು. ಒಂಟಿ ಚೆಲ್ಲೊ ರೇಗಿ, ಕೂಗಾಡಿ, ಸುಸ್ತಾಗಿ, ಕೊನೆಯ ಪುಟ ಪೂರ್ತಿ ಒಂದೇ ತಂತಿಯ ಮೇಲೆ ಸಣ್ಣಗಾಗುತ್ತಾ ಹೋಗಬೇಕು. ಹರೆಯದಲ್ಲಿ ಅವಳು ಅದನ್ನು ನುಡಿಸಿದಾಗ ಮೇಷ್ಟ್ರು ಎಲ್ಲ ವಿದ್ಯಾರ್ಥಿಗಳ ಎದುರಿಗೇ, "ಮನೆ ಕಂಡ ಕುದುರೆ ಹಾಗೆ ಓಡ್ತೀಯ. ನಿನಗೆ ಕಾಯೋಕೆ ಬರಲ್ಲ, ಬರೋದೂ ಇಲ್ಲ" ಎಂದಿದ್ದರು. ಅವಳು ಚೆಲ್ಲೊವನ್ನು ಪೆಟ್ಟಿಗೆಗೆ ಹಾಕಿಕೊಂಡು ಎದ್ದವಳು ಮತ್ತೆ ಅತ್ತ ತಲೆ ಹಾಕಲಿಲ್ಲ. ಅವರೂ ಕರೆಯಲಿಲ್ಲ. ಇಬ್ಬರಿಗೂ ಜಂಬ. ಅವಳ ತಲೆಯಲ್ಲಿ ಬಿಳಿ ಕೂದಲು ಬಂದಮೇಲೆ, ಮೊನ್ನೆ ಮೊನ್ನೆ, ಮೇಷ್ಟ್ರ ಹೆಂಡತಿ ಫೋನ್ ಮಾಡಿದ್ದರು. ಮೇಷ್ಟ್ರ ಕಣ್ಣು ಪೂರ್ತಿ ಹೋಗಿದೆ, ಹಾಸಿಗೆ ಬಿಟ್ಟು ಏಳಲ್ಲ, ಡಾಕ್ಟರು ಕೈ ಚೆಲ್ಲಿದ್ದಾರೆ. ಅವಳ ಕಛೇರಿಯ ವಿಷಯ ತಾವು ಹೇಳಿದ್ದಕ್ಕೆ, "ಆ ಕೊನೆಯದನ್ನ ನುಡಿಸೋದಾದ್ರೆ ಕೇಳ್ತೀನಿ" ಎಂದರಂತೆ.

ಅಂದಿನಿಂದ ಅವಳು ಬೆಳಗೂ ಸಂಜೆಯೂ ಆ ಒಂದು ಪುಟಕ್ಕೇ ಬಿದ್ದಿದ್ದಳು. ಕೆಳಗಿನ ಮನೆಯಲ್ಲಿದ್ದ ಮೈಕಣ್ಣ, "ಮರ ಕುಯ್ದಿದ್ದು ಸಾಕು ಕಣೇ, ಕಾಡು ಖಾಲಿಯಾಯ್ತು" ಎಂದು ಮೆಟ್ಟಿಲ ಬುಡದಿಂದ ಕೂಗುತ್ತಿದ್ದ. ಚಿಕ್ಕಂದಿನಿಂದಲೂ ಅವನಿಗೆ ಅದು ಮರ ಕುಯ್ಯುವ ಸದ್ದೇ.

ಕಛೇರಿ ಶುರುವಾಯಿತು. ಪರದೆಯ ಮೂಲೆಯಲ್ಲಿ, "ಕೇಳ್ತಾ ಇದ್ದೀವಿ ಕಣಮ್ಮ" ಎಂದು ಮೇಷ್ಟ್ರ ಹೆಂಡತಿ ಬರೆದದ್ದು ಕಾಣಿಸಿತು. ಮೈಕಣ್ಣ ಹೆಡ್‌ಫೋನು ಹಾಕಿಕೊಂಡು ಪೆಟ್ಟಿಗೆಯ ದೀಪಗಳ ಮೇಲೆ ಕಣ್ಣಿಟ್ಟಿದ್ದ. ಮೊದಲ ರಚನೆಗಳು ಸಲೀಸಾಗಿ ಮುಗಿದವು. ಕೊನೆಯದು ಬಂತು. ಕಮಾನು ತಂತಿಯನ್ನು ಕಿತ್ತುಬಿಡುವಂತೆ ಎಳೆಯಿತು, ಕೆಂಪು ದೀಪ ಮಿನುಗಿತು. ಅವಳ ಹಣೆಯ ಬೆವರು ಮೂಗಿನ ತುದಿಗಿಳಿದು ಮರದ ಮೇಲೆ ತೊಟ್ಟಿಕ್ಕಿತು. ಒರೆಸಿಕೊಳ್ಳಲಿಲ್ಲ.

ಆಮೇಲೆ ಆ ಪುಟ. ಅವಳ ಭುಜ ಇಳಿದದ್ದು ನೋಡಿಯೇ ಅವನಿಗೆ ಗೊತ್ತಾಯಿತು. ಹೆಡ್‌ಫೋನಿನಲ್ಲಿ ಎಲ್ಲವೂ ಡಬ್ಬದೊಳಗಿಂದ ಬಂದಂತೆ ಬರುತ್ತಿತ್ತು. ಒಡಹುಟ್ಟಿದವಳು ಎದುರಿಗೇ ಕೂತು ನುಡಿಸುತ್ತಿರುವಾಗ ಡಬ್ಬದಿಂದ ಯಾಕೆ ಕೇಳಬೇಕು ಎನ್ನಿಸಿ, ತೆಗೆದು ಕೊರಳಿಗೆ ಹಾಕಿಕೊಂಡ. ಅವನ ಕಸುಬಿನಲ್ಲಿ ಅದು ಡ್ರೈವರು ಸ್ಟೇರಿಂಗಿನ ಮೇಲಿಂದ ಕೈ ತೆಗೆದಂತೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡಿದವನಲ್ಲ.

ಕಮಾನು ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ದನಿ ಮಾತ್ರ ಇತ್ತು, ಜ್ವರ ಬಿಟ್ಟ ಮಗುವಿನ ಮೈಯಂತೆ ತಣ್ಣಗೆ, ತೆಳ್ಳಗೆ. ಅದರ ಜೊತೆಯಲ್ಲೇ ಅವಳ ಉಸಿರು. ಉಸಿರು ಒಳಗೆ ಹೋದಾಗ ಕಮಾನು ತಿರುಗುತ್ತಿತ್ತು, ಹೊರಗೆ ಬಂದಾಗ ತಂತಿಯ ಮೇಲೆ ಉದ್ದಕ್ಕೂ ಇಳಿಯುತ್ತಿತ್ತು. ಎರಡನ್ನೂ ಬೇರೆ ಮಾಡುವ ಹಾಗಿರಲಿಲ್ಲ. ಅವಳು ಕಾದಳು. ಎಲ್ಲೂ ಓಡಲಿಲ್ಲ. ಕಮಾನು ತಂತಿಯಿಂದ ಎದ್ದಮೇಲೂ ಮೈಕಣ್ಣ ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಿದ್ದ.

ಪ್ರಸಾರ ನಿಲ್ಲಿಸುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದಳು.

"ಚೆನ್ನಾಗಿತ್ತು ಕಣಮ್ಮ," ಎಂದರು ಮೇಷ್ಟ್ರ ಹೆಂಡತಿ.

"ಮೇಷ್ಟ್ರು ಏನಂದ್ರು?"

"ಅವರ ಬಾಯಿ ನಿಂಗೆ ಗೊತ್ತಲ್ಲ. ಫೋನನ್ನ ದಿಂಬಿನ ಮೇಲೇ ಇಟ್ಟಿದ್ದೆ, ಕಿವಿಗೇ ತಾಗೋ ಹಾಗೆ..." ಅವರು ದನಿ ತಗ್ಗಿಸಿದರು. "ಕೊನೆ ಪುಟ ನುಂಗಿಬಿಟ್ಳು, ಇನ್ನೂ ಓಡ್ತಾಳೆ ಅಂದ್ರು. ಬೇಜಾರು ಮಾಡ್ಕೋಬೇಡ."

ತಂಗಿ ಕಮಾನಿನ ಕೂದಲನ್ನು ಸಡಿಲಿಸತೊಡಗಿದಳು. ಮೈಕಣ್ಣನಿಗೆ ನೆತ್ತಿಗೇರಿತು.

"ಏನ್ರೀ ಅದು? ನಾನಿಲ್ಲೇ ಕೂತು ಕೇಳಿದೀನಿ! ಆ ಮುದುಕನಿಗೆ ಕಣ್ಣಿನ ಜೊತೆ ಕಿವೀನೂ ಹೋಯ್ತಾ? ಸಾಯೋ ಹೊತ್ತಲ್ಲೂ ಒಂದು ಒಳ್ಳೆ ಮಾತು ಬರಲ್ವಾ ಬಾಯಲ್ಲಿ?"

ಆ ಕಡೆಯಿಂದ ಫೋನು ಕಟ್ ಆಯಿತು.

ಅವನು ಇನ್ನೂ ಬುಸುಗುಡುತ್ತಲೇ ಪರದೆಯತ್ತ ತಿರುಗಿದ. ಅಲ್ಲಿ ಸಾಲುಸಾಲಾಗಿ ಬರೆದಿದ್ದರು. ಸೌಂಡ್ ಹೋಯ್ತಾ? ನನಗೂ ಕೇಳಿಸ್ತಿಲ್ಲ. ಮುಗೀತಾ? ಅವನು ಹೆಡ್‌ಫೋನನ್ನು ಕಿವಿಗೆ ಏರಿಸಿ, ಆಗಿಹೋದ ಕಛೇರಿಯ ಮುದ್ರಿಕೆ ಹಾಕಿ ಕೊನೆಗೆ ಹೋದ. ರೇಗಿದ್ದು, ಕೂಗಿದ್ದು ಇತ್ತು. ಪುಟ ತಿರುಗಿದಮೇಲೆ ಏನೂ ಇರಲಿಲ್ಲ. ತೊಳೆದ ಗಾಜಿನಂಥ ಮೌನ. ಪರದೆಯಲ್ಲಿ ಅವಳು ಕಮಾನು ಎಳೆಯುತ್ತಲೇ ಇದ್ದಳು.

"ನಾನೇ ಕಣೇ," ಎಂದ. ಗುಂಡಿಯ ವಿಷಯ, ಉಸಿರಿನ ಜೊತೆಗೆ ಆ ಸಣ್ಣ ದನಿಯನ್ನೂ ಗೇಟು ಒಳಗೆ ಬಿಡದಿದ್ದದ್ದು, ಎಲ್ಲ ಹೇಳಿದ. "ನಿನ್ನ ಉಸಿರು ಕೇಳಿ ಯಾರೂ ನಗಬಾರದು ಅಂತ..."

ಅವಳು ಕೂಗಾಡಿದ್ದರೆ ವಾಸಿಯಿತ್ತು. "ಯಾರಿಗೂ ಕೇಳ್ಲಿಲ್ವಾ?" ಎಂದಳು.

"ನಂಗೆ ಕೇಳ್ತು."

"ಹೇಗಿತ್ತು?"

ಅವನು ಹೆಡ್‌ಫೋನನ್ನು ಕಿವಿಯಿಂದ ಇಳಿಸಿದ. "ಓಡ್ಲಿಲ್ಲ ನೀನು," ಎಂದ.

ಅವಳು ಕಮಾನನ್ನು ಮತ್ತೆ ಬಿಗಿ ಮಾಡಿದಳು. "ಫೋನ್ ಹಚ್ಚು. ತಪ್ಪಾಯ್ತು ಅನ್ನು."

ಮೊದಲ ಸಲ ಅವರು ಎತ್ತಲಿಲ್ಲ. ಎರಡನೆಯ ಸಲ ಎತ್ತಿದರು. "ತಪ್ಪಾಯ್ತಮ್ಮಾ, ನಂದು ನಾಯಿ ಬಾಯಿ," ಎಂದ ಮೈಕಣ್ಣ. "ಅವಳದೇನೂ ತಪ್ಪಿಲ್ಲ, ನನ್ನ ಮೈಕು ಕೈಕೊಟ್ಟಿದ್ದು. ಅದೊಂದು ಪುಟ ಈಗ ನುಡಿಸ್ತಾಳೆ. ಮೇಷ್ಟ್ರ ಕಿವಿ ಹತ್ರ ಹಿಡೀರಮ್ಮಾ, ಕಾಲಿಗೆ ಬೀಳ್ತೀನಿ."

"ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾರಪ್ಪ," ಎಂದರು ಅವರು. ಸ್ವಲ್ಪ ಹೊತ್ತಿನ ಮೇಲೆ, "ಹಿಡಿದಿದ್ದೀನಿ."

ಅವಳು ಕಣ್ಣು ಮುಚ್ಚಿ ಶುರು ಮಾಡಿದಳು. ಆಗಲೇ ಅವನಿಗೆ ಹೊಳೆದದ್ದು. ಫೋನೂ ಅಷ್ಟೇ. ಮಾತನ್ನು ಹಿಡಿದು ಮಿಕ್ಕ ಸಣ್ಣ ಸದ್ದನ್ನೆಲ್ಲ ಕಸವೆಂದು ಆಚೆ ತಳ್ಳುವಂತೆ ಮಾಡಿದ ಯಂತ್ರ. ತಿರುಗಿಸಿ ಸರಿಮಾಡೋಣವೆಂದರೆ ಅದಕ್ಕೆ ಗುಂಡಿಯೂ ಇಲ್ಲ. ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ.

ದನಿ ಸಣ್ಣಗಾದಂತೆಲ್ಲ ಫೋನನ್ನು ತಂತಿಯ ಹತ್ತಿರ ಹತ್ತಿರ ತಂದ. ನೆಲಕ್ಕೆ ಮಂಡಿಯೂರಿದ. ಕಮಾನಿನ ಕೂದಲು ಇನ್ನೇನು ಬೆರಳಿಗೆ ತಾಗಬೇಕು, ಅಷ್ಟು ಹತ್ತಿರ. ತನ್ನ ಉಸಿರನ್ನು ಬಿಗಿಹಿಡಿದ. ಆ ಕಡೆಯಿಂದ ಒಂದು ಸದ್ದೂ ಇರಲಿಲ್ಲ. ತಂಗಿಯ ಉಸಿರು ಅವನ ಮುಂಗೈ ಮೇಲೆ ಬೆಚ್ಚಗೆ ಬಂದು ಬೀಳುತ್ತಿತ್ತು.