ಉಸಿರೆಳೆದು ಹೇಳುವ ಹೌದು

ಉತ್ತರ ಸ್ವೀಡನ್ನಿನ ನಾವು ಬಾಯಿ ಸವೆಸುವ ಜನರಲ್ಲ. ಹೌದು ಎನ್ನಬೇಕಾದರೆ ತುಟಿ ಚೂಪು ಮಾಡಿ ಸುಯ್ ಎಂದು ಉಸಿರು ಒಳಗೆಳೆದುಕೊಳ್ಳುತ್ತೇವೆ, ಅಷ್ಟೇ. ಮದುವೆಯಾಗುತ್ತೀಯಾ ಎಂದು ಕೇಳಿದಾಗ ಗುನ್ನೆಲ್ ನನಗೆ ಕೊಟ್ಟ ಉತ್ತರವೂ ಅದೇ.

ಛಾವಣಿಯ ಹಿಮ ತಳ್ಳಲು ಹತ್ತಿ, ಬಿದ್ದು, ಬೆನ್ನುಹುರಿ ಜಜ್ಜಿಕೊಂಡೆ. ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ನರ ಮತ್ತೆ ಚಿಗುರಿಸುವ ಔಷಧವೊಂದನ್ನು ದೊಡ್ಡಾಸ್ಪತ್ರೆಯಲ್ಲಿ ಪ್ರಯೋಗಿಸುತ್ತಿದ್ದಾರೆಂದು ತಿಳಿದದ್ದೇ ತಡ, ಗುನ್ನೆಲ್ ನನ್ನನ್ನು ಅಲ್ಲಿಗೆ ಎಳೆದೊಯ್ದಳು. ಮೊದಲ ಚುಚ್ಚುಮದ್ದಿನ ಮೇಲೆ ಕಾಲಿಗೆ ಸ್ಪರ್ಶ ಮರಳಿದರೆ ಮುಂದಿನದು, ಇಲ್ಲವಾದರೆ ಮನೆಗೆ.

ಪರೀಕ್ಷೆ ಸರಳ. ನಾನು ಕಣ್ಣು ಮುಚ್ಚಿ ಮಲಗಬೇಕು. ನಮ್ಮೂರಿನವಳೇ ಆದ ನರ್ಸ್ ಐನಾ ಪಾದಕ್ಕೆ ಸೂಜಿಮೊನೆ ತಾಗಿಸುತ್ತಾಳೆ, ಗೊತ್ತಾದಾಗ ಹೇಳಬೇಕು. ಗುನ್ನೆಲ್ ನನ್ನ ತಲೆಯ ಬಳಿ ಕೂತಿದ್ದಳು.

"ಈಗ," ಎಂದೆ. "ಈಗ ಮತ್ತೆ."

"ಒಂದೂ ತಪ್ಪಿಲ್ಲ ಮಾರಾಯ!" ಎಂದಳು ಐನಾ.

ಗುನ್ನೆಲ್ ಅತ್ತೇಬಿಟ್ಟಳು. ಮನೆ ಸೇರಿದವಳೇ ಹಿಮದ ಮೇಲೆ ಜಾರುವ ನನ್ನ ಸ್ಕೀಗಳನ್ನು ಹೊರತೆಗೆದು ಮೇಣ ಹಚ್ಚತೊಡಗಿದಳು.

"ಹುಚ್ಚೇನೇ ನಿಂಗೆ? ಮೊದ್ಲು ನಿಂತ್ಕೊಳ್ಳೋಕಾದ್ರೂ ಬರ್ಲಿ."

"ನೀನು ಸುಮ್ನಿರು. ಹಿಮ ಕರಗೋದ್ರೊಳಗೆ ಹೋಗ್ತೀವಿ."

ಮುಂದಿನ ಪರೀಕ್ಷೆಗೆ ಬಂದವನು ಪಲ್ಲೆ ಎಂಬ ಡಾಕ್ಟರ್, ದಕ್ಷಿಣ ಸ್ವೀಡನ್ನಿನವನು. ಶುರುಮಾಡಿ ಒಂದು ಗಳಿಗೆಯೂ ಆಗಿರಲಿಲ್ಲ, "ಅದೇನು ಸದ್ದು?" ಎಂದ. ನಮಗ್ಯಾರಿಗೂ ಯಾವ ಸದ್ದೂ ಕೇಳಿಸಿರಲಿಲ್ಲ. ಅವನು ಗುನ್ನೆಲಳತ್ತ ತಿರುಗಿ, "ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದ.

ಬಾಗಿಲು ಮುಚ್ಚಿತು. ನಾನು ಕಣ್ಣು ಮುಚ್ಚಿ ಕಾದೆ, ಕಾದೆ.

"ಯಾವಾಗ ಶುರು ಮಾಡ್ತೀರಿ?"

"ಮುಗೀತು," ಎಂದ ಪಲ್ಲೆ, ಮೆಲ್ಲಗೆ.

ಸೂಜಿ ತಾಗುವುದು ಕಂಡಾಗಲೆಲ್ಲ ನನ್ನ ಪರವಾಗಿ ಗುನ್ನೆಲ್ ಸುಯ್ ಎಂದು ಉಸಿರೆಳೆದು ಹೌದೆನ್ನುತ್ತಿದ್ದಳು, ತನಗೇ ಅರಿವಿಲ್ಲದೆ. ಅದನ್ನು ಕೇಳಿ ನನ್ನ ಪಾದ ಜುಮ್ಮೆನ್ನುತ್ತಿತ್ತು. ಸುಳ್ಳು ಹೇಳಿರಲಿಲ್ಲ ನಾನು. ಆಣೆ ಮಾಡಿ ಹೇಳುತ್ತೇನೆ, ನನಗೆ ತಾಗಿತ್ತು. ಹುಟ್ಟಿದಾಗಿನಿಂದ ಕೇಳಿ ರೂಢಿಯಾದ ಸದ್ದು, ಹಾಗಾಗಿ ಐನಾಳ ಕಿವಿಗೂ ಬಿದ್ದಿರಲಿಲ್ಲ.

ಪಲ್ಲೆ ಗುನ್ನೆಲಳಿಗೂ ಎಲ್ಲವನ್ನೂ ಹೇಳಿದ. ಕಾರಿನಲ್ಲಿ ಅವಳು ಕೇಳಿದಳು, "ನನ್ನಿಂದಾನಾ?"

"ಅಲ್ಲ ಕಣೇ. ಔಷಧೀನೇ ಹತ್ಲಿಲ್ಲ."

ಅವಳು ನಂಬಲಿಲ್ಲ. ಸ್ಕೀಗಳನ್ನು ಒರೆಸಿ ಒಳಗಿಟ್ಟಳು. ಈಗ ಕಾಫಿ ಬೇಕಾ ಎಂದು ಕೇಳಿದರೆ "ಹೌದು" ಎನ್ನುತ್ತಾಳೆ, ಬಾಯಿಬಿಟ್ಟು, ದಕ್ಷಿಣದವರ ಹಾಗೆ. ಕಾಲು ಹೋದರೆ ಹೋಗಲಿ ಎಂದು ಹೇಗೋ ಒಪ್ಪಿಕೊಂಡಿದ್ದೇನೆ. ಅವಳ ಆ ಉಸಿರು ಮಾತ್ರ ನನಗೆ ವಾಪಸ್ ಬೇಕು.